ಬಾಣಂತಿಗೆ ನೀರು ಕಾಯಿಸಿದವರು

ಮಲ್ಲತ್ತಹಳ್ಳಿಯಲ್ಲಿ ಊರು ಎಲ್ಲಿ ಮುಗಿದು ಬಡಾವಣೆ ಎಲ್ಲಿ ಶುರುವಾಗುತ್ತದೆ ಎಂದು ಈಗ ಹೇಳುವುದು ಕಷ್ಟ. ಒಂದು ಮಗ್ಗುಲಿಗೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ, ಇನ್ನೊಂದು ಮಗ್ಗುಲಿಗೆ ನಾಗರಬಾವಿ. ನಡುವೆ ಕೆರೆ, ಕಲಾಗ್ರಾಮ, ಎಂಜಿನಿಯರಿಂಗ್ ಕಾಲೇಜು, ಅವುಗಳ ಸಂದಿಯಲ್ಲಿ ಮೂರು ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳು. ಬಾಡಿಗೆಗೆ ಇರುವವರಲ್ಲಿ ಮಾಗಡಿ, ಕುಣಿಗಲ್, ಮಂಡ್ಯ, ಹಾಸನದ ಕಡೆಯವರಿದ್ದಾರೆ, ಉತ್ತರ ಕರ್ನಾಟಕದವರಿದ್ದಾರೆ. ಇಂಥ ಒಂದು ಮನೆಯ ಹೆಣ್ಣುಮಗಳಿಗೆ ಏಳೋ ಒಂಬತ್ತೋ ತಿಂಗಳು ತುಂಬಿದಾಗ ತವರಿನವರು ಬರುತ್ತಾರೆ. ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಮೈಸೂರು ರಸ್ತೆಯೋ ಮಾಗಡಿ ರಸ್ತೆಯೋ ಹಿಡಿದು ಕರೆದೊಯ್ಯುತ್ತಾರೆ. ಅವಳು ಮತ್ತೆ ಮಲ್ಲತ್ತಹಳ್ಳಿಯ ಮನೆಯ ಮೆಟ್ಟಿಲು ಹತ್ತುವುದು ಮೂರು ತಿಂಗಳೋ ಐದು ತಿಂಗಳೋ ಕಳೆದ ಮೇಲೆ, ಕೂಸನ್ನು ಎತ್ತಿಕೊಂಡು.

ಯಾವ ಸರ್ಕಾರವೂ ಇದಕ್ಕೆ ಆದೇಶ ಹೊರಡಿಸಿಲ್ಲ, ಯಾವ ಖಜಾನೆಯೂ ದುಡ್ಡು ಕೊಟ್ಟಿಲ್ಲ. ಆದರೂ ಕನ್ನಡ ನಾಡು ಕಂಡ ಅತ್ಯಂತ ಹಳೆಯ ಹೆರಿಗೆ ರಜೆ ಇದೇ. ಅತ್ತೆಮನೆಯ ಕಸ, ಮುಸುರೆ, ಹಟ್ಟಿ, ಹೊಲ ಎಲ್ಲದರಿಂದಲೂ ಹೆಣ್ಣನ್ನು ಕೆಲಕಾಲ ಬಿಡಿಸಿ ಮಲಗಿಸುವ ಹಕ್ಕು ತವರಿಗೆ ಮಾತ್ರ ಇತ್ತು. ಮಗಳ ಬಾಣಂತನ ಮಾಡುವುದು ತಾಯಿಗೆ ಕರ್ತವ್ಯವೂ ಹೌದು, ಅಭಿಮಾನವೂ ಹೌದು. ‘ನನ್ನ ಮಗಳಿಗೆ ಮೂರು ಬಾಣಂತನ ಮಾಡಿದೆ’ ಎಂದು ಹೇಳಿಕೊಳ್ಳುವ ಅಜ್ಜಿಯರು ಪಶ್ಚಿಮ ಬೆಂಗಳೂರಿನ ಬೀದಿ ಬೀದಿಯಲ್ಲಿ ಇಂದಿಗೂ ಸಿಗುತ್ತಾರೆ.

ಆ ಒಂದು ಮಾತಿನೊಳಗೆ ಎಷ್ಟು ಕೆಲಸ ಅಡಗಿದೆ ಎಂಬುದನ್ನು ಬಿಡಿಸಿ ನೋಡಬೇಕು. ಬೆಳಗಾಗುವ ಮುಂಚೆ ಹಂಡೆಯ ಒಲೆಗೆ ಸೌದೆ ತುಂಬಿ ನೀರು ಕುದಿಸಬೇಕು. ಬಾಣಂತಿಯ ತಲೆಗೆ, ಬೆನ್ನಿಗೆ, ಸೊಂಟಕ್ಕೆ ಎಣ್ಣೆ ತಿಕ್ಕಿ ಬಿಸಿ ಬಿಸಿ ನೀರನ್ನು ಚೊಂಬು ಚೊಂಬಾಗಿ ಎರೆಯಬೇಕು. ಸೊಂಟಕ್ಕೆ ಹಳೆಯ ಸೀರೆಯ ಪಟ್ಟಿ ಬಿಗಿಯಬೇಕು. ತಲೆಗೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯಬೇಕು, ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಬೇಕು. ಆಮೇಲೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀರು ಹಾಕಿ, ಬಜೆ ತೇದು ನೆಕ್ಕಿಸಿ, ಬಟ್ಟೆಯಲ್ಲಿ ಸುತ್ತಿ ಮಲಗಿಸಬೇಕು. ಇದಿಷ್ಟು ಮುಗಿಯುವಾಗ ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ, ಬಿಸಿ ಅನ್ನ ಸಿದ್ಧವಾಗಿರಬೇಕು. ಉತ್ತರ ಕರ್ನಾಟಕದಲ್ಲಾದರೆ ಅಂಟಿನುಂಡೆ ಮತ್ತು ಸಬ್ಬಸಿಗೆ ಸೊಪ್ಪು, ಕರಾವಳಿ ಮಲೆನಾಡಿನಲ್ಲಾದರೆ ಬಗೆಬಗೆಯ ಲೇಹ್ಯ ಕಷಾಯ. ಹೊಲಸಾದ ಬಟ್ಟೆ ಒಗೆಯಬೇಕು. ರಾತ್ರಿ ಕೂಸು ಅತ್ತರೆ ಏಳಬೇಕು. ಮಾರನೆಯ ದಿನ ಮತ್ತೆ ಅದೇ. ಇದು ಇಬ್ಬರು ಹೆಂಗಸರು ಹಗಲಿರುಳು ದುಡಿಯುವಷ್ಟು ಕೆಲಸ. ಕೂಲಿ ಮಾತ್ರ ಯಾರಿಗೂ ಇಲ್ಲ.

ಹೀಗೆ ಮಾಡುವವರು ನಾವೊಬ್ಬರೇ ಅಲ್ಲ. ಜಪಾನಿನಲ್ಲಿ ಹೆರಿಗೆಗೆಂದು ಹೆಣ್ಣುಮಕ್ಕಳು ತವರೂರಿಗೆ ಮರಳುವ ರೂಢಿ ಇದೆ, ಅದನ್ನು ಅಲ್ಲಿ ಸತೊಗಾಯೆರಿ ಎನ್ನುತ್ತಾರೆ. ಅವರ ಬಸುರಿಯೂ ನಮ್ಮವಳಂತೆ ಹೆರಿಗೆಗೆ ಮೊದಲೇ ಹೊರಟು, ಹೆತ್ತ ಬಳಿಕ ಕೆಲವು ವಾರ ತಾಯಿಯ ಕೈಯಡುಗೆ ಉಂಡು ಹಿಂತಿರುಗುತ್ತಾಳೆ. ಚೀನಾದಲ್ಲಿ ಒಂದು ತಿಂಗಳು ಬಾಣಂತಿ ಹೊಸ್ತಿಲು ದಾಟುವುದಿಲ್ಲ, ತಣ್ಣೀರು ಮುಟ್ಟುವುದಿಲ್ಲ. ಮೆಕ್ಸಿಕೊದಲ್ಲಿ ನಲವತ್ತು ದಿನದ ವಿಶ್ರಾಂತಿ. ಸಾಗರಗಳಾಚೆಯ ಅಜ್ಜಿಯರಿಗೆಲ್ಲ ಒಂದೇ ಬುದ್ಧಿ ಹೊಳೆದಿತ್ತು: ಹೆತ್ತವಳು ತಾನೇ ಒಂದು ಕೂಸು, ಅವಳನ್ನು ಯಾರಾದರೂ ಎತ್ತಿ ಆಡಿಸಬೇಕು.

ತಾಯಿಯ ಜೊತೆಗೆ ಇನ್ನೊಬ್ಬಳಿದ್ದಳು, ಸೂಲಗಿತ್ತಿ. ಇಂದು ಬೆಂಗಳೂರಿನ ಬಡಾವಣೆಗಳಾಗಿರುವ ಹಳ್ಳಿಗಳಲ್ಲೂ ಆಸ್ಪತ್ರೆ ಹತ್ತಿರವಾಗುವ ತನಕ ಹೆರಿಗೆ ನಡೆಯುತ್ತಿದ್ದುದು ಮನೆಯ ಒಳಕೋಣೆಯಲ್ಲಿ, ಅವಳ ಕೈಯಲ್ಲಿ. ಅವಳಿಗೆ ಸಿಗುತ್ತಿದ್ದುದು ಮೊರದ ತುಂಬ ರಾಗಿಯೋ ಅಕ್ಕಿಯೋ, ಎಲೆ ಅಡಿಕೆ, ಅನುಕೂಲಸ್ಥರ ಮನೆಯಾದರೆ ಒಂದು ಸೀರೆ ಕುಪ್ಪಸ. ಹಲವೆಡೆ ಅವಳು ಕೆಳಗಿಟ್ಟ ಜಾತಿಯವಳು. ಹೊಕ್ಕುಳಬಳ್ಳಿ ಕೊಯ್ಯುವುದು ಮೈಲಿಗೆಯ ಕೆಲಸವೆಂದು ಮೇಲಿನವರು ಅದನ್ನು ಅವಳ ಪಾಲಿಗೆ ಬಿಟ್ಟಿದ್ದರು. ಮನೆಯ ಮೊಮ್ಮಗನನ್ನು ಮೊದಲು ಮುಟ್ಟಿದ ಕೈಗೆ ಪುರುಡು ಕಳೆದ ಮೇಲೆ ಅದೇ ಮನೆಯ ಅಡುಗೆಕೋಣೆಗೆ ಪ್ರವೇಶವಿರಲಿಲ್ಲ. ಬಾಣಂತನವನ್ನು ಹಾಡಿ ಹೊಗಳುವವರು ಇದನ್ನು ಮರೆಯಬಾರದು.

ಈ ಹೆಂಗಸರಲ್ಲಿ ನಾಡು ಹೆಸರು ಹಿಡಿದು ನೆನೆಯುವುದು ಒಬ್ಬರನ್ನು. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಹುಟ್ಟಿದ್ದು 1920ರಲ್ಲಿ. ಅಕ್ಷರ ಕಲಿಯಲಿಲ್ಲ, ಅಜ್ಜಿ ಮರಿಗೆಮ್ಮನ ಪಕ್ಕದಲ್ಲಿ ನಿಂತು ಹೆರಿಗೆ ಮಾಡಿಸುವುದನ್ನು ಕಲಿತರು. ಇಪ್ಪತ್ತರ ಹರೆಯದಲ್ಲಿ ಮೊದಲ ಹೆರಿಗೆ ಮಾಡಿಸಿದರು. ಅಲ್ಲಿಂದ ಏಳು ದಶಕಗಳಲ್ಲಿ 15,000ಕ್ಕೂ ಹೆಚ್ಚು ಕೂಸುಗಳನ್ನು ಭೂಮಿಗೆ ಬರಮಾಡಿಕೊಂಡರು, ದುಡ್ಡು ಕೇಳಲಿಲ್ಲ. ತಾವೇ ಹನ್ನೆರಡು ಮಕ್ಕಳನ್ನು ಹೆತ್ತು ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡವರು ಅವರು. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು, ಮಲ್ಲತ್ತಹಳ್ಳಿಯಿಂದ ಕೆಲವೇ ಕಿಲೋಮೀಟರ್ ದೂರದ ಕೆಂಗೇರಿಯ ಆಸ್ಪತ್ರೆಯೊಂದರಲ್ಲಿ 98ನೆಯ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು. ಪ್ರಶಸ್ತಿ ಒಬ್ಬ ನರಸಮ್ಮನಿಗೆ ಬಂತು. ಅವರಂತೆಯೇ ದುಡಿದು ಮಣ್ಣಾದ ಸಾವಿರಾರು ಸೂಲಗಿತ್ತಿಯರಿಗೆ ಮುಪ್ಪಿನಲ್ಲಿ ಪಿಂಚಣಿಯಿರಲಿ, ಊರಿನ ದಾಖಲೆಯಲ್ಲೊಂದು ಸಾಲೂ ಸಿಗಲಿಲ್ಲ.

ತವರಿನ ಕೋಣೆ ಬರೀ ಬೆಚ್ಚಗಿನ ಜಾಗವೂ ಆಗಿರಲಿಲ್ಲ. ನಂಜಾಗುತ್ತದೆ ಎಂದು ಹಣ್ಣು ಕೊಡುತ್ತಿರಲಿಲ್ಲ, ಶೀತವೆಂದು ಮೊಸರು ಕೊಡುತ್ತಿರಲಿಲ್ಲ, ಹೊಟ್ಟೆ ಬರುತ್ತದೆ ಎಂದು ಕುಡಿಯಲು ನೀರನ್ನೂ ಅಳೆದು ಕೊಡುವ ಮನೆಗಳಿದ್ದವು, ಈಗಲೂ ಇವೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಇತ್ತೀಚಿನ ವರ್ಷಗಳಲ್ಲಿ ಒಂದು ಆತಂಕದ ಸಂಗತಿಯನ್ನು ದಾಖಲಿಸಿದ್ದಾರೆ. ಬರೀ ತಾಯಿಹಾಲು ಕುಡಿಯುವ, ಎರಡು ಮೂರು ತಿಂಗಳ ಕೂಸುಗಳು ಇದ್ದಕ್ಕಿದ್ದಂತೆ ಉಸಿರಾಟಕ್ಕೆ ಒದ್ದಾಡುತ್ತ ಬರುತ್ತಿದ್ದವು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿರುತ್ತಿತ್ತು. ಕಾರಣ ಹುಡುಕಿದರೆ ತಾಯಿಯ ಪಥ್ಯ. ಪಾಲಿಷ್ ಮಾಡಿದ ಬಿಳಿ ಅಕ್ಕಿಯ ಅನ್ನ, ಸಾರು, ತುಪ್ಪ, ಅದರಾಚೆಗೆ ಹೆಚ್ಚೇನಿಲ್ಲ. ತಾಯಿಯಲ್ಲಿ ಬಿ-1 ಜೀವಸತ್ವ, ಅಂದರೆ ಥಯಾಮಿನ್, ಬತ್ತಿಹೋಗಿ ಹಾಲಿನಲ್ಲೂ ಇಲ್ಲವಾಗಿತ್ತು. ಥಯಾಮಿನ್ ಚುಚ್ಚುಮದ್ದು ಕೊಟ್ಟರೆ ಸಾವಿನಂಚಿನ ಕೂಸು ಬೇಗನೆ ಚೇತರಿಸಿಕೊಳ್ಳುತ್ತಿತ್ತು. ಪ್ರೀತಿಯಿಂದ ಮಾಡಿದ ಪಥ್ಯವೇ ಕೂಸಿನ ಉಸಿರು ಕಟ್ಟಿಸಬಲ್ಲದು ಎಂಬ ಮಾತನ್ನು ಪ್ರತಿ ಅಜ್ಜಿಗೂ ತಿಳಿಹೇಳಬೇಕು, ಗದರದೆ, ಬಿಡಿಸಿ ಹೇಳಬೇಕು.

ಮೈಲಿಗೆಯ ಭಯ ಇನ್ನೂ ಕ್ರೂರ. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಹಸಿ ಬಾಣಂತಿಯನ್ನೂ ಕೂಸನ್ನೂ ಊರಾಚೆಯ ಗುಡಿಸಲಿನಲ್ಲಿ ಇಡುವ ಪದ್ಧತಿ ಇತ್ತು. ಅದು ಮುಗಿದುಹೋದ ಕಥೆ ಎಂದುಕೊಂಡವರಿಗೆ 2023ರ ಜುಲೈನಲ್ಲಿ ಆಘಾತವಾಯಿತು. ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಮಳೆಗಾಲದ ಚಳಿಯಲ್ಲಿ ಹೀಗೆ ಹೊರಗಿಟ್ಟಿದ್ದ ಎಳೆಗೂಸು ತೀರಿಕೊಂಡಿತು. ತುಮಕೂರು ಬೆಂಗಳೂರಿನಿಂದ ಬರೀ ಎಪ್ಪತ್ತು ಕಿಲೋಮೀಟರ್.

ಮನಸ್ಸಿನ ಮಾತಂತೂ ಯಾರೂ ಎತ್ತುತ್ತಿರಲಿಲ್ಲ. ಹೆತ್ತವಳು ಕಾರಣವಿಲ್ಲದೆ ಅತ್ತರೆ, ಕೂಸನ್ನು ದೂರ ತಳ್ಳಿದರೆ, ನಿದ್ದೆಗೆಟ್ಟು ಏನೇನೋ ಮಾತಾಡಿದರೆ ‘ಬಾಣಂತಿ ಸನ್ನಿ’ ಎಂದು ಮಂತ್ರವಾದಿಯನ್ನು ಕರೆಸುತ್ತಿದ್ದರು. ಈ ಕತ್ತಲೆಗೆ ಕನ್ನಡದಲ್ಲಿ ದೀಪ ಹಿಡಿದವರು ಮನಶ್ಶಾಸ್ತ್ರ ಓದಿದ್ದ ಕಾದಂಬರಿಕಾರ್ತಿ ತ್ರಿವೇಣಿ. ಅವರ ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಸಮತೋಲ ಕಳೆದುಕೊಳ್ಳುತ್ತಾಳೆ, ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಮನೆ ಅವಳನ್ನು ಗುಣವಾದವಳೆಂದು ಒಪ್ಪುವುದಿಲ್ಲ. ರೋಗಕ್ಕಿಂತ ಮನೆಯವರ ಕಣ್ಣೇ ಅವಳನ್ನು ಮುರಿಯುತ್ತದೆ. ಪುಟ್ಟಣ್ಣ ಕಣಗಾಲ್ 1971ರಲ್ಲಿ ಅದನ್ನು ಸಿನಿಮಾ ಮಾಡಿದಾಗ ಕಲ್ಪನಾ ಮಾಡಿದ ಕಾವೇರಿಯನ್ನು ಕಂಡು ಇಡೀ ನಾಡು ಅತ್ತಿತು. ಆ ಸಿನಿಮಾ ನೋಡಲು ತ್ರಿವೇಣಿ ಇರಲಿಲ್ಲ. 1963ರ ಜುಲೈ 29ರಂದು, ಹೆಣ್ಣುಮಗುವಿಗೆ ಜನ್ಮ ಕೊಟ್ಟ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ಅವರು ತೀರಿಕೊಂಡಿದ್ದರು. ಬಾಣಂತಿಯ ನೋವನ್ನು ಕನ್ನಡಕ್ಕೆ ಅರ್ಥಮಾಡಿಸಿದ ಲೇಖಕಿ ಬಾಣಂತಿಯಾಗಿಯೇ ಹೋದರು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2009ರಲ್ಲಿ ತಾಯಿಯನ್ನೂ ಕೂಸನ್ನೂ ಒಟ್ಟಿಗೆ ದಾಖಲಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ತೆರೆಯಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. ಕಾವೇರಿಯಂಥವಳನ್ನು ಕೂಸಿನಿಂದ ಅಗಲಿಸದೆ ಗುಣಪಡಿಸಬಹುದು ಎಂದು ಆ ವಿಭಾಗ ತೋರಿಸಿತು.

ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂದ ಕಥೆಯಲ್ಲಿ ಮೈಸೂರು ಸಂಸ್ಥಾನಕ್ಕೆ ದೊಡ್ಡ ಪಾಲಿದೆ. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ, ಬೆಂಗಳೂರಿನಲ್ಲಿ 1935ರಲ್ಲಿ ಬಾಗಿಲು ತೆರೆದ ವಾಣಿವಿಲಾಸ ಆಸ್ಪತ್ರೆ, ಎರಡೂ ಅರಮನೆಯ ಹೆಂಗಸರ ಹೆಸರು ಹೊತ್ತವು. 1930ರಲ್ಲೇ ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳಿಗೆ ಮಂಜೂರಾತಿ ಕೊಟ್ಟಿತು. ಜಗತ್ತಿನಲ್ಲಿ ಸರ್ಕಾರವೊಂದು ತಾನೇ ಅಂಥ ಚಿಕಿತ್ಸಾಲಯ ನಡೆಸಿದ್ದು ಅದೇ ಮೊದಲೆಂದು ಚರಿತ್ರೆಕಾರರು ಗುರುತಿಸುತ್ತಾರೆ. ವರ್ಷಕ್ಕೊಂದು ಹೆತ್ತು ಸೋತ ದೇಹಕ್ಕೆ ಎಷ್ಟು ಎಣ್ಣೆ ನೀರು ಹಾಕಿದರೂ ಸಾಲದು ಎಂದು ಆ ಕಾಲದ ಆಡಳಿತಕ್ಕೆ ಅರ್ಥವಾಗಿತ್ತು.

ಮುಂದೆ ಬೆಂಗಳೂರು ನಗರಪಾಲಿಕೆ ಬಡಾವಣೆಗಳಲ್ಲಿ ತನ್ನದೇ ಹೆರಿಗೆ ಆಸ್ಪತ್ರೆಗಳನ್ನು ಕಟ್ಟಿತು. 1990ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಭಾರತ ಜನಸಂಖ್ಯಾ ಯೋಜನೆಯಡಿ ಕೊಳೆಗೇರಿಗಳ ಬಳಿ ಇನ್ನಷ್ಟು ಆರೋಗ್ಯ ಕೇಂದ್ರಗಳು ಬಂದವು. ಕಟ್ಟಡ ಬಂತು, ಆದರೆ ತವರಿನ ಮಮತೆ ಬರಲಿಲ್ಲ. ಸ್ಯಾಮ್ಯುಯೆಲ್ ಪಾಲ್ ಸ್ಥಾಪಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್ 2000ದ ಸುಮಾರಿಗೆ ಈ ಆಸ್ಪತ್ರೆಗಳಿಗೆ ಹೋದ ಬಡ ತಾಯಂದಿರನ್ನು ಮಾತಾಡಿಸಿದಾಗ, ಹೆತ್ತ ಕೂಸಿನ ಮುಖ ನೋಡಲೂ ಲಂಚ ಕೊಡಬೇಕು ಎಂಬ ಸಂಗತಿ ಹೊರಬಿತ್ತು. ಗಂಡುಮಗುವಾದರೆ ಒಂದು ದರ, ಹೆಣ್ಣಾದರೆ ಇನ್ನೊಂದು. ಆ ವರದಿ ಬೆಂಗಳೂರಿಗೆ ಮಾಡಿದ ಅವಮಾನ ಸಣ್ಣದಲ್ಲ. ಅವಮಾನ ಆಗಲೇಬೇಕಿತ್ತು.

ಇಷ್ಟಾದರೂ ಆಸ್ಪತ್ರೆ ಜೀವ ಉಳಿಸಿತು ಎಂಬುದರಲ್ಲಿ ಎರಡು ಮಾತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಸುಮಾರು 65 ಆಸ್ಪತ್ರೆಯಲ್ಲಿ ಆಗುತ್ತಿದ್ದವು. ಐದನೆಯ ಸಮೀಕ್ಷೆಯ ಹೊತ್ತಿಗೆ, 2019–20ರಲ್ಲಿ, ಅದು 97ಕ್ಕೆ ಏರಿತು. ಒಂದು ಲಕ್ಷ ಜೀವಂತ ಜನನಕ್ಕೆ 2004–06ರಲ್ಲಿ 213 ತಾಯಂದಿರು ಸಾಯುತ್ತಿದ್ದ ರಾಜ್ಯದಲ್ಲಿ 2018–20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ಸೂಲಗಿತ್ತಿಯ ಕೈಗುಣವನ್ನು ಎಷ್ಟೇ ಗೌರವಿಸಿದರೂ ರಕ್ತಸ್ರಾವ ನಿಲ್ಲದಾಗ ಬೇಕಾಗುವುದು ರಕ್ತನಿಧಿ, ಶಸ್ತ್ರಚಿಕಿತ್ಸಕಿ.

ಇನ್ನು ಕೂಲಿಯ ವಿಚಾರ. ಹೊಲದಲ್ಲಿ ದುಡಿಯುತ್ತಿದ್ದವಳನ್ನು ತವರು ಬಿಡಿಸಿಕೊಂಡು ಹೋಗಬಹುದಿತ್ತು. ಗಿರಣಿಯಲ್ಲಿ ದುಡಿಯುವವಳನ್ನು ಬಿಡಿಸುವವರು ಯಾರು? ಮಾಗಡಿ ರಸ್ತೆಯ ಬದಿಗೆ 1884ರಲ್ಲಿ ಹುಟ್ಟಿ ಬಿನ್ನಿ ಮಿಲ್ ಎಂದೇ ಹೆಸರಾದ ಕಾರ್ಖಾನೆಯಂಥ ಕಡೆ ರಜೆ ಹಾಕಿದರೆ ಕೂಲಿ ಹೋಯಿತು, ಹೆಚ್ಚು ದಿನ ಹಾಕಿದರೆ ಕೆಲಸವೇ ಹೋಯಿತು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಮೊದಲ ಅಧಿವೇಶನದಲ್ಲೇ ಹೆರಿಗೆಗೆ ಮುಂಚೆ ಆರು ವಾರ, ನಂತರ ಆರು ವಾರ ರಜೆ ಎಂದು ಒಪ್ಪಂದ ಮಾಡಿತು. ಬ್ರಿಟಿಷ್ ಭಾರತ ಅದಕ್ಕೆ ಸಹಿ ಹಾಕಲಿಲ್ಲ. ಕಾರ್ಮಿಕ ನಾಯಕ ಎನ್. ಎಂ. ಜೋಶಿ 1924ರಲ್ಲಿ ಕೇಂದ್ರ ಶಾಸನಸಭೆಗೆ ತಂದ ಮಸೂದೆಯೂ ಬಿದ್ದುಹೋಯಿತು.

ಇಲ್ಲಿ ಮಲ್ಲತ್ತಹಳ್ಳಿಯ ಎಂಜಿನಿಯರಿಂಗ್ ಕಾಲೇಜನ್ನು ನೆನೆಯಬೇಕು. 1980ರಲ್ಲಿ ಶುರುವಾದ ಆ ಕಾಲೇಜಿನ ಹೆಸರು ಡಾ. ಅಂಬೇಡ್ಕರ್ ತಾಂತ್ರಿಕ ಸಂಸ್ಥೆ. ಅದರ ಗೇಟು ದಾಟುವ ವಿದ್ಯಾರ್ಥಿಗಳಿಗೆ ಅಂಬೇಡ್ಕರ್ ಎಂದರೆ ಸಂವಿಧಾನ. 1928ರ ಜುಲೈ 28ರಂದು, 37ರ ಹರೆಯದ ಅಂಬೇಡ್ಕರ್ ಮುಂಬಯಿ ಶಾಸನ ಪರಿಷತ್ತಿನಲ್ಲಿ ಎದ್ದು ನಿಂತು ಬಾಣಂತಿಯರ ಪರವಾಗಿ ಮಾತಾಡಿದ್ದನ್ನು ಅವರಿಗೆ ಯಾರಾದರೂ ಹೇಳಬೇಕು. ಹೆರಿಗೆಗೆ ಮುನ್ನ ಮತ್ತು ಅನಂತರ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತದ ಪ್ರಶ್ನೆ ಎಂದರು. ಹೊರೆ ಬಹುಮಟ್ಟಿಗೆ ಸರ್ಕಾರದ್ದೇ ಎಂದು ಒಪ್ಪಿಕೊಂಡರು. ಆದರೆ ಮಾಲೀಕರು ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅವರಿಂದ ತಮಗೆ ಹೆಚ್ಚು ಲಾಭವಿರುವುದರಿಂದ, ಆದ್ದರಿಂದ ಸ್ವಲ್ಪ ಭಾರ ಅವರೂ ಹೊರಲಿ ಎಂದು ವಾದಿಸಿದರು. ಮಾರನೆಯ ವರ್ಷ, 1929ರಲ್ಲಿ, ಮುಂಬಯಿ ಹೆರಿಗೆ ಭತ್ಯೆ ಕಾಯಿದೆ ಬಂತು. ದೇಶದಲ್ಲಿ ಅಂಥ ಕಾಯಿದೆ ಅದೇ ಮೊದಲು. ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳು ಆಗ ಅದೇ ಪ್ರಾಂತ್ಯದಲ್ಲಿದ್ದವು, ಹುಬ್ಬಳ್ಳಿ, ಗೋಕಾಕದ ಗಿರಣಿಗಳೂ ಅಲ್ಲಿಯವೇ. ಮೈಸೂರು ಸಂಸ್ಥಾನ 1937ರಲ್ಲಿ ತನ್ನದೇ ಕಾಯಿದೆ ಮಾಡಿತು. ಸ್ವತಂತ್ರ ಭಾರತ 1961ರಲ್ಲಿ ಇಡೀ ದೇಶಕ್ಕೆ ಒಂದೇ ಕಾಯಿದೆ ತಂದು ಹನ್ನೆರಡು ವಾರದ ಸಂಬಳದ ರಜೆ ಕೊಟ್ಟಿತು. ಕೂಸಿಗೆ ಹದಿನೈದು ತಿಂಗಳಾಗುವ ತನಕ ಕೆಲಸದ ನಡುವೆ ಹಾಲೂಡಿಸಲು ಎರಡು ಬಿಡುವು ಎಂದೂ ಬರೆಯಿತು. 2017ರ ತಿದ್ದುಪಡಿಯಲ್ಲಿ ಹನ್ನೆರಡು ವಾರ ಇಪ್ಪತ್ತಾರಾಯಿತು, ಐವತ್ತು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು.

ಪಶ್ಚಿಮ ಬೆಂಗಳೂರಿನ ಕಾರ್ಮಿಕ ಹೆಂಗಸರಿಗೆ ಈ ಹಕ್ಕು ಕೈಗೆ ಸಿಕ್ಕಿದ್ದು ಬಹುಮಟ್ಟಿಗೆ ನೌಕರರ ರಾಜ್ಯ ವಿಮೆಯ, ಅಂದರೆ ಇಎಸ್‌ಐ ಮೂಲಕ. ಸ್ವಾತಂತ್ರ್ಯದ ಬೆನ್ನಲ್ಲೇ ಕೈಗಾರಿಕಾ ಬಡಾವಣೆಯಾಗಿ ಹುಟ್ಟಿದ ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆ ನಿಂತಿತು, ಪೀಣ್ಯ ಬೆಳೆದಂತೆ ಅಲ್ಲಿಂದಲೂ ಜನ ಬಂದರು. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳಿಗೆ ಇಎಸ್‌ಐ ಕಾರ್ಡ್ ಎಂದರೆ ಬರೀ ಔಷಧಿಯ ಚೀಟಿಯಾಗಿರಲಿಲ್ಲ. ಕೂಲಿ ನಿಲ್ಲದೆ ತವರಿಗೆ ಹೋಗುವ ಅನುಮತಿಯಾಗಿತ್ತು. ಅದಕ್ಕೂ ತೊಡಕಿದೆ. ನಿಗದಿಯಾದಷ್ಟು ದಿನದ ವಂತಿಗೆ ಕಟ್ಟಿರಬೇಕು, ಗುತ್ತಿಗೆದಾರ ಹೆಸರು ಸೇರಿಸಿರಬೇಕು. ರಜೆ ಮುಗಿಸಿ ಬಂದವಳಿಗೆ ಕೂಸನ್ನು ಬಿಡಲು ಜಾಗ ಬೇಕು. 1948ರ ಕಾರ್ಖಾನೆ ಕಾಯಿದೆಯೇ ಶಿಶುಪಾಲನಾ ಕೋಣೆ ಇರಲಿ ಎಂದು ಹೇಳಿತ್ತು. ಆದರೂ ಬೆಂಗಳೂರಿನ ಎಷ್ಟೋ ಗಾರ್ಮೆಂಟ್ಸ್ ತಾಯಂದಿರು ಕೂಸನ್ನು ಊರಲ್ಲಿ ಅಜ್ಜಿಯ ಬಳಿ ಬಿಟ್ಟು ಮಿಷನ್ನಿನ ಮುಂದೆ ಬಂದು ಕೂರುತ್ತಾರೆ. ಹಾಲು ಬತ್ತುವುದು ಹೀಗೆ.

ಸರ್ಕಾರ ಊಟ, ಬಟ್ಟೆಯ ಕಡೆಯಿಂದಲೂ ಬಂತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. 2007ರ ಸುಮಾರಿಗೆ ಬಂದ ಮಡಿಲು ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಿಗೆ ಸೊಳ್ಳೆಪರದೆ, ಹೊದಿಕೆ, ಸೋಪು, ಕೂಸಿನ ಬಟ್ಟೆ ಸೇರಿ 19 ಸಾಮಾನಿನ ಚೀಲ ಸಿಕ್ಕಿತು. ಇಂಥದ್ದೇ ಹೆರಿಗೆ ಪೆಟ್ಟಿಗೆಯನ್ನು ಫಿನ್ಲೆಂಡ್ 1938ರಿಂದಲೇ ಬಡ ತಾಯಂದಿರಿಗೆ ಕೊಡುತ್ತಿತ್ತು. 1949ರಿಂದ ಬಡವರು ಬಲ್ಲಿದರೆನ್ನದೆ ಎಲ್ಲರಿಗೂ ಕೊಟ್ಟಿತು, ಒಂದೇ ಷರತ್ತು, ಬಸುರಿನ ಮೊದಲ ತಿಂಗಳುಗಳಲ್ಲೇ ವೈದ್ಯರಿಗೆ ತೋರಿಸಿರಬೇಕು.

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಬಂದ ಮಾತೃಪೂರ್ಣ ಯೋಜನೆಯ ಕಥೆ ಕುತೂಹಲದ್ದು. ಬಸುರಿಗೂ ಬಾಣಂತಿಗೂ ತಿಂಗಳಿಗೆ 25 ದಿನ ಅಂಗನವಾಡಿಯಲ್ಲಿ ಬಿಸಿಯೂಟ. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಮನೆಗೆ ರೇಷನ್ ಕೊಟ್ಟರೆ ಅದು ಎಲ್ಲರ ತಟ್ಟೆಗೂ ಹಂಚಿಹೋಗುತ್ತದೆ, ಆದ್ದರಿಂದ ಅಲ್ಲೇ ಬಂದು ಉಣ್ಣಲಿ ಎಂಬುದು ಲೆಕ್ಕಾಚಾರ, ಲೆಕ್ಕಾಚಾರ ಸರಿಯೇ. ಆದರೆ ಹಸಿ ಬಾಣಂತಿ ಹೊಸ್ತಿಲು ದಾಟಬಾರದೆಂಬ ತಲೆಮಾರುಗಳ ಕಟ್ಟು ಎದುರಿಗೆ ನಿಂತಿತ್ತು. ಹೊಲಿಗೆ ಆರದ ಮೈಯಲ್ಲಿ, ಕೂಸನ್ನು ಎತ್ತಿಕೊಂಡು, ಬಿಸಿಲಲ್ಲಿ ನಡೆದು ಹೋಗಿ ಊಟ ಮಾಡಿ ಬಾ ಎಂದರೆ ಯಾವ ತಾಯಿ ಕಳಿಸಿಯಾಳು? ಬಾಣಂತಿಯನ್ನು ಊಟದ ಬಳಿಗೆ ಕರೆಯುವ ಬದಲು ಊಟವನ್ನೇ ಬಾಣಂತಿಯ ಬಳಿಗೆ ಒಯ್ಯಬೇಕೆಂದು ಯಾವ ಹಳ್ಳಿಯ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದಳು.

ಹೆತ್ತವಳ ಮನೆಬಾಗಿಲಿಗೇ ಆರೈಕೆ ಹೋಗುವ ಮಾದರಿಯೊಂದು ನೆದರ್ಲೆಂಡ್ಸಿನಲ್ಲಿದೆ. ಹೆರಿಗೆಯಾದ ಮೇಲೆ ಒಂದು ವಾರದಷ್ಟು ಕಾಲ ತರಬೇತಿ ಪಡೆದ ಶುಶ್ರೂಷಕಿ ದಿನಕ್ಕೆ ಕೆಲವು ಗಂಟೆ ಮನೆಗೆ ಬರುತ್ತಾಳೆ. ತಾಯಿಯ ಗಾಯ ನೋಡುತ್ತಾಳೆ, ಹಾಲೂಡಿಸುವುದನ್ನು ಕಲಿಸುತ್ತಾಳೆ, ಮನೆಗೆಲಸಕ್ಕೂ ಕೈ ಹಚ್ಚುತ್ತಾಳೆ. ಖರ್ಚಿನ ಬಹುಪಾಲು ಆರೋಗ್ಯ ವಿಮೆಯದು. ಇದು ನಮ್ಮ ಬಾಣಂತನವೇ, ಸಂಬಳವಿರುವ ಬಾಣಂತನ. ಇದಕ್ಕೆ ತದ್ವಿರುದ್ಧ ಅಮೆರಿಕ. 1993ರ ಕಾಯಿದೆ ಅಲ್ಲಿ ಹನ್ನೆರಡು ವಾರ ಕೆಲಸ ಉಳಿಸುತ್ತದೆ, ಸಂಬಳ ಕೊಡುವುದಿಲ್ಲ. ಕೆಲವು ರಾಜ್ಯಗಳು ಮತ್ತು ಕಂಪನಿಗಳು ತಾವಾಗಿ ಕೊಟ್ಟರೆ ಉಂಟು. ಅದಕ್ಕೇ ವಿಜಯನಗರ, ಬಸವೇಶ್ವರನಗರ, ನಾಗರಬಾವಿಯ ಅಮ್ಮಂದಿರು ವಿಮಾನ ಹತ್ತುತ್ತಾರೆ. ಮೆಣಸಿನ ಪುಡಿ, ಲೇಹ್ಯದ ಡಬ್ಬಿ, ಹಳೆಯ ಹತ್ತಿ ಸೀರೆಯ ತುಂಡು ಪೆಟ್ಟಿಗೆಯಲ್ಲಿಟ್ಟುಕೊಂಡು, ಸಂದರ್ಶಕರ ವೀಸಾದ ಆರು ತಿಂಗಳ ಗಡುವಿನೊಳಗೆ, ಮೊದಲು ಅಮ್ಮ, ಆಮೇಲೆ ಅತ್ತೆ ಎಂದು ಸರದಿ ಹಾಕಿಕೊಂಡು ಹೋಗುತ್ತಾರೆ. ಜಗತ್ತಿನ ಅತಿ ಶ್ರೀಮಂತ ದೇಶ ಮಾಡದ ಕೆಲಸವನ್ನು ಮಂಡಿನೋವಿನ ಅರವತ್ತರ ಹೆಂಗಸು ಮಾಡಿ ಬರುತ್ತಾಳೆ.

ಮಲ್ಲತ್ತಹಳ್ಳಿಯಲ್ಲಿ ಈಗ ಬಾಣಂತನ ಮೂರು ಬಗೆ. ಸರ್ಕಾರಿ ನೌಕರಿಯೋ ಕಂಪನಿ ಕೆಲಸವೋ ಇರುವವಳಿಗೆ ಆರು ತಿಂಗಳ ಸಂಬಳವುಂಟು, ಅಮ್ಮ ಬರಲಾಗದಿದ್ದರೆ ಎಣ್ಣೆ ನೀರು ಹಾಕಲು ದುಡ್ಡು ಕೊಟ್ಟು ಹೆಂಗಸನ್ನು ಗೊತ್ತುಮಾಡಿಕೊಳ್ಳುವ ಶಕ್ತಿಯುಂಟು. ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 2021ರ ಬಜೆಟ್ಟಿನಲ್ಲಿ ಆರು ತಿಂಗಳ ಶಿಶುಪಾಲನಾ ರಜೆಯೂ ಘೋಷಣೆಯಾಯಿತು. ಇಎಸ್‌ಐ ಇರುವ ಕಾರ್ಮಿಕಳಿಗೆ ಹಣವುಂಟು, ಆರೈಕೆಗೆ ತವರೇ ಗತಿ. ಇನ್ನೊಬ್ಬರ ಮನೆಯ ಪಾತ್ರೆ ತೊಳೆಯುವವಳು, ಮನೆಯಲ್ಲೇ ಕೂತು ಅಗರಬತ್ತಿ ಹೊಸೆಯುವವಳು, ಕಟ್ಟಡದ ಕೆಲಸಕ್ಕೆಂದು ರಾಯಚೂರು, ಕಲಬುರಗಿಯಿಂದ ಬಂದು ಶೆಡ್ಡಿನಲ್ಲಿರುವವಳು, ಇವರಿಗೆ ಇಪ್ಪತ್ತಾರು ವಾರದ ಮಾತು ಪತ್ರಿಕೆಯ ಸುದ್ದಿ ಅಷ್ಟೇ. ಮೊದಲ ಕೂಸಿಗೆ ಕೇಂದ್ರ ಕೊಡುವ 5,000 ರೂಪಾಯಿಯಲ್ಲಿ ಎಷ್ಟು ದಿನ ಮಲಗಬಹುದು? ಹದಿನೈದು ಇಪ್ಪತ್ತು ದಿನಕ್ಕೆ ಸೊಂಟಕ್ಕೆ ಬಟ್ಟೆ ಬಿಗಿದು ಕೆಲಸಕ್ಕೆ ಇಳಿಯುತ್ತಾರೆ. ಗ್ರಾಮ ಪಂಚಾಯಿತಿಗಳಲ್ಲಿ 2023ರಿಂದ ಉದ್ಯೋಗ ಖಾತ್ರಿ ತಾಯಂದಿರ ಮಕ್ಕಳಿಗೆ ‘ಕೂಸಿನ ಮನೆ’ಗಳು ಬಂದಿವೆ, ಒಳ್ಳೆಯ ಹೆಜ್ಜೆ. ನಗರದ ಶೆಡ್ಡಿನ ಕೂಸಿಗೆ ಅಂಥ ಮನೆ ಇನ್ನೂ ಬೇಕು.

ಈ ಇಡೀ ಕಥೆಯಲ್ಲಿ ಒಂದು ಸಂಗತಿ ಬದಲಾಗಿಲ್ಲ. ಬಾಣಂತಿಯನ್ನು ಕೈಯಾರೆ ಮುಟ್ಟಿ ಆರೈಕೆ ಮಾಡುವವರಿಗೇ ಎಲ್ಲರಿಗಿಂತ ಕಡಿಮೆ ಸಿಗುತ್ತದೆ. ಸೂಲಗಿತ್ತಿಗೆ ಮೊರದ ರಾಗಿ, ತಾಯಿಗೆ ಅದೂ ಇಲ್ಲ. ಈಗ ಆ ಜಾಗದಲ್ಲಿ ಆಶಾ ಕಾರ್ಯಕರ್ತೆ ಇದ್ದಾಳೆ. ಆಸ್ಪತ್ರೆಯಲ್ಲಿ ಹೆತ್ತು ಬಂದವಳ ಮನೆಗೆ 42 ದಿನಗಳೊಳಗೆ ಆರು ಸಲ ಹೋಗಿ ಕೂಸನ್ನು ತೂಗಿ, ಮೈಬಿಸಿ ನೋಡಿ, ತಾಯಿಯ ಮುಖ ಓದಿ ಬರುವುದು ಅವಳ ಹೊಣೆ. ಗೂಡುಗಟ್ಟುವ ದುಃಖವನ್ನೂ, ಉಸಿರುಗಟ್ಟುವ ಕೂಸನ್ನೂ ಮೊದಲು ಗುರುತಿಸಬಲ್ಲವಳು ಅವಳೇ. ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆಯಲು ಇದೇ ಆಶಾಗಳು 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆಯಬೇಕಾಯಿತು.

ಸರ್ಕಾರ ಹೊಸ ಯೋಜನೆಗೆ ಹೆಸರು ಹುಡುಕುವ ಮೊದಲು ಈ ಹೆಂಗಸರಿಗೆ ಸರಿಯಾದ ಸಂಬಳ ಕೊಡಲಿ, ಅವರಲ್ಲೇ ಕೆಲವರನ್ನು ತರಬೇತುಗೊಳಿಸಿ ಹೆರಿಗೆಯಾದ ಮೊದಲ ಹದಿನೈದು ದಿನ ತವರಿಲ್ಲದ ಬಾಣಂತಿಯ ಮನೆಗೆ ದಿನವೂ ಕಳಿಸಲಿ. ಓದುಗರಿಗೂ ಒಂದು ಮಾತು. ನಿಮ್ಮ ಮನೆಯಲ್ಲಿ ಕೆಲಸ ಮಾಡುವವಳು ಬಸುರಿ ಎಂದು ತಿಳಿದಾಗ ಬೇರೆಯವಳನ್ನು ಹುಡುಕಬೇಡಿ. ಮೂರು ತಿಂಗಳಾದರೂ ಸಂಬಳ ಕೊಟ್ಟು ಕಳಿಸಿ, ಅವಳ ಕೆಲಸವನ್ನು ಅವಳಿಗೇ ಉಳಿಸಿಡಿ.